ಹೆಚ್ಚಿದ ಬಾವಿ

೧೯೫೪ರ ಜೂನ್ ತಿಂಗಳಲ್ಲಿ ನನ್ನನ್ನು ಗದಗಿಗೆ ವರ್ಗ ಮಾಡಿದರು. ಹುದ್ದೆ ಸ್ಟ್ಯಾಟಿಸ್ಟಿಕಲ್ ಅಸಿಸ್ಟೆಂಟ್, ವಯಸ್ಸು ಇಪ್ಪತ್ತೇಳು. ನಾನು ಕುಮಟೆಯ ಕಡೆಯವನು. ನಮ್ಮ ಹಿತ್ತಲ ಬಾವಿ ಬತ್ತಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಧಾರವಾಡದಲ್ಲಿ ಗಣಿತದ ಪದವಿ ಮುಗಿಸಿ, ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿ ಆಗ ಮೂರು ವರ್ಷವಾಗಿತ್ತು. ಗ್ರಾಫ್ ಶೀಟಿನ ಮೇಲೆ ನಾನು ಎಳೆದ ಗೆರೆ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನನಗೆ ಗಟ್ಟಿಯಾಗಿತ್ತು. ಆ ನಂಬಿಕೆಯನ್ನು ನಾನು ಕಳೆದುಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿವೃತ್ತನಾಗಿ ಬಹಳ ವರ್ಷಗಳಾದರೂ ಮನೆಯವರಿಗೆ ಕೂಡ ಇದನ್ನು ಪೂರ್ತಿಯಾಗಿ ಹೇಳಿಲ್ಲ.

ನಮ್ಮ ಕಚೇರಿಗೆ ಒಪ್ಪಿಸಿದ ಕೆಲಸ ಆ ಕಾಲಕ್ಕೆ ಹೊಸದು. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸುತ್ತಿನ ನಲವತ್ತೆರಡು ಹಳ್ಳಿಗಳು ಇನ್ನು ಇಪ್ಪತ್ತೈದು ವರ್ಷಕ್ಕೆ ಹೇಗಿರಬಹುದು ಎಂದು ಬರೆದುಕೊಡಬೇಕಿತ್ತು. ಯಾವ ಊರಿಗೆ ಮೊದಲು ಕುಡಿಯುವ ನೀರಿನ ವ್ಯವಸ್ಥೆ ಆಗಬೇಕು, ಯಾವ ಊರಿಗೆ ಏಳನೆಯ ಇಯತ್ತೆ, ಅಂದರೆ ಏಳನೆಯ ತರಗತಿಯವರೆಗಿನ ಪೂರ್ಣ ಶಾಲೆ ಬೇಕು ಎಂಬುದನ್ನು ಮೇಲಿನವರು ಆ ವರದಿ ನೋಡಿ ನಿರ್ಧರಿಸುವವರಿದ್ದರು. ನೀರು ಬತ್ತುತ್ತಿರುವ ಎಂಟು ಊರುಗಳಿಗೆ ನೀರು, ನೀರಿನ ಚಿಂತೆಯಿಲ್ಲದೆ ಬೆಳೆಯುವ ಆರು ಊರುಗಳಿಗೆ ಶಾಲೆ. ಒಂದೇ ಊರಿಗೆ ಎರಡನ್ನೂ ಕೊಡುವಷ್ಟು ಅನುಕೂಲ ಆಗ ಇರಲಿಲ್ಲ.

ನಮ್ಮ ಮುಖ್ಯಸ್ಥರು ಕುಲಕರ್ಣಿ ಸಾಹೇಬರು. ಮನೆಮಾತು ಮರಾಠಿ, ಓದಿದ್ದು ಪುಣೆಯಲ್ಲಿ. ಅವರ ತಂದೆ ಸಂಸ್ಥಾನದ ಕಾಲದಲ್ಲಿ ಶಿರಹಟ್ಟಿಯಲ್ಲಿ ಗುಮಾಸ್ತರಾಗಿದ್ದರಿಂದ ಇವರ ಕನ್ನಡ ಅಪ್ಪಟ ಈ ಕಡೆಯದು. ನಾನು ಹೋದ ಮೊದಲ ದಿನವೇ ಅವರು ನನ್ನ ಮುಂದೆ ಒಂದು ಕಪ್ಪು, ಒಂದು ಹಸಿರು, ಒಂದು ಕೆಂಪು ಪೆನ್ಸಿಲ್ ಇಟ್ಟರು.

"ತಮ್ಮಾ, ನಾವು ಪಂಚಾಂಗ ನೋಡಿ ಹೇಳೋರಲ್ಲ. ಮುಂದ ಹಿಂಗ ಆಗತೈತಿ ಅಂತ ಒಂದ ಮಾತು ಹೇಳಿದ್ರ ಅದು ಜ್ಯೋತಿಷ್ಯ. ಹಿಂಗೂ ಆಗಬಹುದು, ಹಂಗೂ ಆಗಬಹುದು ಅಂತ ಮೂರು ಚಿತ್ರ ಬರದ್ರ ಅದು ನಮ್ಮ ಕೆಲಸ" ಎಂದರು.

ಆ ಮೂರು ಚಿತ್ರಗಳನ್ನು ಬರೆಯುವ ಕ್ರಮ ಹೀಗಿತ್ತು. ಮೊದಲು ಹಿಂದಿನ ಗೆರೆ. ಜನಗಣತಿ, ಮಳೆಯ ದಾಖಲೆ, ಶಾಲೆಯ ಹಾಜರಿ ಪುಸ್ತಕ ಇವುಗಳಿಂದ ಹಿಂದಿನ ಇಪ್ಪತ್ತು ವರ್ಷದ ಏರಿಳಿತವನ್ನು ಗ್ರಾಫಿನ ಮೇಲೆ ಗುರುತಿಸಬೇಕು. ಇದಕ್ಕೆ ಟ್ರೆಂಡ್ ಎನ್ನುತ್ತೇವೆ. ಆ ಗೆರೆಯನ್ನು ಈಗಿನಂತೆಯೇ ಮುಂದಕ್ಕೆ ಎಳೆದರೆ ಕಪ್ಪು ಚಿತ್ರ, ಎಲ್ಲವೂ ಕೂಡಿಬಂದರೆ ಹಸಿರು, ಎಲ್ಲವೂ ಕೈಕೊಟ್ಟರೆ ಕೆಂಪು. ಜೊತೆಗೆ ಊರಿನ ತಿಳಿದವರ ಅಭಿಪ್ರಾಯ ಪಡೆಯಬೇಕಿತ್ತು. ಒಬ್ಬ ಹತ್ತಿ ವ್ಯಾಪಾರಿ, ಒಬ್ಬ ಡಾಕ್ಟರು, ಒಬ್ಬ ಹೆಡ್‌ಮಾಸ್ತರು, ಬೆಟಗೇರಿಯ ಒಬ್ಬ ಹಿರಿಯ ನೇಕಾರರು, ಹೀಗೆ ಆರು ಜನ. ಒಬ್ಬರ ಮಾತು ಒಬ್ಬರಿಗೆ ಕೇಳಿಸದಂತೆ ಬೇರೆಬೇರೆಯಾಗಿ ಕೇಳಿ, ಬಂದ ಉತ್ತರಗಳನ್ನು ಹೆಸರಿಲ್ಲದೆ ಎಲ್ಲರಿಗೂ ತೋರಿಸಿ, "ಈಗ ಏನೆನ್ನುತ್ತೀರಿ?" ಎಂದು ಮತ್ತೆ ಕೇಳುವುದು. ದೊಡ್ಡವರ ದನಿಗೆ ಉಳಿದವರು ತಲೆಯಾಡಿಸಬಾರದೆಂದು ಈ ಉಪಾಯ.

ಬೆಟಗೇರಿಯ ನೇಕಾರರು ಮಾತ್ರ ಮಗ್ಗದ ಕುಣಿಯಿಂದ ಏಳಲೇ ಇಲ್ಲ. "ಇಪ್ಪತ್ತೈದ ವರ್ಷದ್ದು ನಾಯೇನ ಹೇಳ್ಲಿ ಸಾಹೇಬ್ರ? ಈ ಸೀರಿ ಸೆರಗಿನ್ಯಾಗ ಏನ ಬರತೈತಿ ಕೇಳ್ರಿ, ಹೇಳ್ತೀನಿ" ಎಂದು ನಕ್ಕರು. ಉಳಿದ ಐವರೂ ಬರೆದದ್ದರಲ್ಲಿ ಒಂದು ಮಾತು ಸಾಮಾನ್ಯವಾಗಿತ್ತು. ಕರ್ನಾಟಕ ಒಂದಾಗುತ್ತದೆ, ಒಂದಾದ ಮೇಲೆ ನೀರು, ರಸ್ತೆ, ಶಾಲೆ ಎಲ್ಲವೂ ಬರುತ್ತವೆ. ಆಗ ಗದಗಿನ ಚಹಾದಂಗಡಿಗಳಲ್ಲೂ ಇದೇ ಮಾತು. ನನಗೂ ಆ ಹುಮ್ಮಸ್ಸು ಹತ್ತಿಕೊಂಡಿತ್ತು. ನನ್ನ ಹಸಿರು ಪೆನ್ಸಿಲ್ ಉಳಿದೆರಡಕ್ಕಿಂತ ಬೇಗ ಸವೆಯಿತು.

ತೊಂದರೆ ಇದ್ದದ್ದು ಹಳೆಯ ದಾಖಲೆಗಳಲ್ಲಿ. ಲಕ್ಷ್ಮೇಶ್ವರ, ಶಿರಹಟ್ಟಿ ಆರು ವರ್ಷದ ಹಿಂದಿನವರೆಗೂ ಸಂಸ್ಥಾನಿಕರ ಆಡಳಿತದಲ್ಲಿದ್ದವು. ಅಲ್ಲಿನ ಬಾವಿ, ಕೆರೆಗಳ ಲೆಕ್ಕ ಒಂದಿಷ್ಟು ಹಳೆಯ ಮರಾಠಿಯ ಮೋಡಿ ಲಿಪಿಯಲ್ಲಿ, ಒಂದಿಷ್ಟು ಗೆದ್ದಲಿನ ಹೊಟ್ಟೆಯಲ್ಲಿ. ಆದ್ದರಿಂದ ನೀರಿನ ವಿಷಯವನ್ನು ಊರೂರಿಗೆ ಹೋಗಿ ಬಾಯಿಮಾತಿನಲ್ಲಿ ಕೇಳುವುದೆಂದು ತೀರ್ಮಾನವಾಯಿತು. ಮುಂಬಯಿಯಿಂದ ಬಂದ ಮರಾಠಿ ಫಾರ್ಮನ್ನು ಕನ್ನಡಕ್ಕೆ ತಂದವನು ನಾನೇ. ಐದನೆಯ ಪ್ರಶ್ನೆ: 'ಕಳೆದ ಐದು ವರ್ಷಗಳಲ್ಲಿ ಕುಡಿಯುವ ನೀರು — ಹೆಚ್ಚು, ಕಡಿಮೆ, ಇದ್ದಷ್ಟೇ.' ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ನೀರಿನ ಪ್ರಶ್ನೆಯನ್ನು ಗಂಡಸರಿಗೆ ಕೇಳಬಾರದು, ಹೊರುವವರು ಹೆಂಗಸರಾದ್ದರಿಂದ ಅವರಿಗೇ ಕೇಳಬೇಕು ಎಂದು ಸೂಚಿಸಿದವನೂ ನಾನೇ. ಕುಲಕರ್ಣಿಯವರು ಬೆನ್ನು ತಟ್ಟಿದ್ದರು. ನನಗೆ ಕೋಡು ಮೂಡಿದಂತಾಗಿತ್ತು.

ನವೆಂಬರಿನಲ್ಲಿ ತಿರುಗಾಟ ಸುರುವಾಯಿತು. ಹಿರೇಹಂದಿಗೋಳ, ಹೊಂಬಳ ಮುಗಿಸಿ, ಮುಂಡರಗಿಯ ಕಡೆ ಹೋಗಿಬಂದು, ಕೊನೆಗೆ ಲಕ್ಷ್ಮೇಶ್ವರದಲ್ಲಿ ಬೀಡುಬಿಟ್ಟೆ. ಅಡರಕಟ್ಟಿಯಿಂದ ಎರಡು ಮೈಲಿ ಒಳಗೆ ನೂರಾ ಹತ್ತು ಮನೆಗಳ ಒಂದು ಊರು. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಆ ಊರಿಗೆ ಎರಡು ಬಾವಿಗಳಿದ್ದವು. ಒಂದು ಸವಳು ನೀರಿನದು, ದನಕರುಗಳಿಗೆ ಮತ್ತು ಬಟ್ಟೆ ಒಗೆಯಲು. ಇನ್ನೊಂದು ಸಿಹಿನೀರಿನದು, ಊರ ಹೊರಗೆ, ಬೇವಿನ ಮರಗಳ ಆಚೆ.

ನಾನು ಊರು ಮುಟ್ಟಿದಾಗ ಹೊತ್ತು ನೆತ್ತಿಗೇರಿತ್ತು. ಚಾವಡಿಯ ಕಟ್ಟೆಯ ಮೇಲೆ ಕೂಡಿಸಿ, ಹಿತ್ತಾಳೆ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಒಂದು ಹೆಂಟೆ ಬೆಲ್ಲ ತಂದಿಟ್ಟರು. ನೀರು ಎಷ್ಟು ಸಿಹಿಯಾಗಿತ್ತೆಂದರೆ ತಂಬಿಗೆ ಬರಿದುಮಾಡಿ ಇನ್ನೊಂದು ಕೇಳಿದೆ. ಅದೂ ಬಂತು. ಸುತ್ತಲಿನ ಏಳು ಊರುಗಳಲ್ಲಿ ಎಲ್ಲಿಯೂ ಅಂಥ ನೀರು ಕುಡಿದಿರಲಿಲ್ಲ.

ಉತ್ತರ ಹೇಳಲು ಐದಾರು ಹೆಂಗಸರು ಬಂದು ಕಂಬದ ಮರೆಗೆ ನಿಂತರು. ಮಾತಾಡಿದವಳು ಒಬ್ಬಳೇ. ಹೆಸರು ನೀಲವ್ವ, ಮೂವತ್ತರ ಸುಮಾರಿನವಳು. ಅವಳ ಪಕ್ಕದಲ್ಲಿ ಹತ್ತು ವರ್ಷದ ಮಗಳು ಶಾಂತವ್ವ, ಮೂರನೆಯ ಇಯತ್ತೆ. ಊರಲ್ಲಿ ಆಗ ಇದ್ದದ್ದು ಗುಡಿಯ ಪೌಳಿಯಲ್ಲಿ ನಡೆಯುತ್ತಿದ್ದ ನಾಲ್ಕನೆಯ ಇಯತ್ತೆಯವರೆಗಿನ ಶಾಲೆ.

"ಕುಡಿಯುವ ನೀರು ಹೇಗಿದೆ?" ಎಂದು ಕೇಳಿದೆ.

"ಸೀನೀರ ಬಾವ್ಯಾಗ ನೀರು ಹೆಚ್ಚ್ಯಾವ್ರಿ, ಸಾಹೇಬ್ರ. ಎರಡ ವರ್ಷಾತು."

"ಸ್ವಲ್ಪ ಹೆಚ್ಚಿವೆಯೋ, ಬಹಳವೋ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನೀಲವ್ವ ಸೆರಗು ಸರಿಮಾಡಿಕೊಂಡು, "ಪೂರಾ ಹೆಚ್ಚ್ಯಾವ್ರಿ" ಎಂದಳು.

ನಾನು 'ಹೆಚ್ಚು' ಎಂಬುದಕ್ಕೆ ಗುರುತು ಹಾಕಿ, ಅದರ ಕೆಳಗೆ ಎರಡು ಗೆರೆ ಎಳೆದೆ. ಬಾವಿ ನೋಡಲು ಹೋಗಲಿಲ್ಲ. ಸಂಜೆಯೊಳಗೆ ಇನ್ನೊಂದು ಊರು ಮುಗಿಸಬೇಕಿತ್ತು. ನೀರು ಹೇಗೂ ನನ್ನ ಹೊಟ್ಟೆಯಲ್ಲೇ ಇತ್ತಲ್ಲ!

ಏಳುವ ಹೊತ್ತಿಗೆ ನೀಲವ್ವ ಮಗಳ ತಲೆ ಮುಟ್ಟಿ ಕೇಳಿದಳು: "ಮುಂದಿಂದು ಬರಿಯಾಕ ಬಂದೀರಂತ. ನಮ್ಮ ಶಾಂತಿ ಏಳನೇತ್ತೆ ತನಾ ಕಲೀತಾಳೇನ್ರಿ? ಅಷ್ಟ ಬರೀರಿ."

"ಖಂಡಿತ ಕಲಿಯುತ್ತಾಳೆ. ಬರೆಯುತ್ತೇನೆ" ಎಂದೆ. ಹುಡುಗಿ ನಾಚಿಕೊಂಡು ತಾಯಿಯ ಹಿಂದೆ ಸರಿದಳು.

ಗದಗಿಗೆ ಬಂದು ಗ್ರಾಫ್ ಹಾಕಿದಾಗ ಆ ಊರು ಎದ್ದುಕಂಡಿತು. ಸುತ್ತಲಿನ ಏಳೂ ಊರುಗಳ ಬಾಣ ಕೆಳಮುಖ, ಇದೊಂದರದು ಮೇಲ್ಮುಖ. ನಮ್ಮ ಕೆಲಸದಲ್ಲಿ ಇಂಥ ಅಪವಾದ ಸಿಕ್ಕರೆ ಚಿನ್ನ ಸಿಕ್ಕಷ್ಟು ಖುಷಿ. ನೆಲದಡಿಯ ಬಂಡೆಯ ಬಿರುಕಿನಿಂದ ಹೊಸ ಸೆಲೆ ಒಡೆದಿರಬಹುದು ಎಂದು ಅರ್ಧ ಪುಟದ ಟಿಪ್ಪಣಿಯನ್ನೇ ಬರೆದೆ. ೧೯೮೦ರ ಹೊತ್ತಿಗೆ ಸುತ್ತಲಿನವರು ಬಂದು ನೆಲೆಸುವ ಊರು, ಏಳನೆಯ ಇಯತ್ತೆಯ ಶಾಲೆ, ವಾರದ ಸಂತೆ ಎಂದೆಲ್ಲ ಹಸಿರು ಚಿತ್ರ ಬಿಡಿಸಿದೆ. ಕೆಂಪು ಚಿತ್ರ ಬರೆಯುವಾಗಲೂ ಕೈ ಧಾರಾಳವಾಯಿತು. ಎಲ್ಲವೂ ಕೆಟ್ಟರೂ ಇಲ್ಲಿನ ಹೆಣ್ಣುಮಕ್ಕಳು ನಾಲ್ಕನೆಯ ಇಯತ್ತೆಯನ್ನಾದರೂ ಮುಗಿಸುತ್ತಾರೆ ಎಂದು ಬರೆದೆ.

ಕುಲಕರ್ಣಿಯವರು ಕನ್ನಡಕ ಹಣೆಗೇರಿಸಿ ಆ ಪುಟವನ್ನು ಎರಡು ಸಲ ಓದಿದರು.

"ಏಳೂ ಊರಾಗ ನೀರು ಇಳದಾವ, ಇದೊಂದರಾಗ ಏರ್ಯಾವೇನು? ನನಗ ಯಾಕೋ ಗಂಟಲದಾಗ ಇಳೀವಲ್ದು. ಇನ್ನೊಮ್ಮೆ ಹೋಗಿ ನೋಡಿ ಬಾ, ತಮ್ಮಾ."

"ಸರ್, ಹೆಂಗಸರ ಬಾಯಿಂದಲೇ ಕೇಳಿದ್ದೇನೆ. ಎರಡು ತಂಬಿಗೆ ಕುಡಿದೂ ಬಂದಿದ್ದೇನೆ."

"ಕುಡದಿ, ಖರೆ. ಆದ್ರೂ ನೋಡಿ ಬಾ."

ವರದಿ ಮುಂಬಯಿಗೆ ಹೋಗಲು ನಾಲ್ಕು ದಿನ ಉಳಿದಿತ್ತು. ಲಕ್ಷ್ಮೇಶ್ವರದವರೆಗೆ ಬಸ್ಸು, ಆಮೇಲೆ ಬಿಸಿಲಲ್ಲಿ ನಡಿಗೆ, ಹೋಗಿಬರಲು ಎರಡು ದಿನ. ನನ್ನ ಮಾತನ್ನು ಸಾಹೇಬರು ನಂಬಲಿಲ್ಲವಲ್ಲ ಎಂಬ ಸಿಟ್ಟೂ ಇತ್ತು. ಹೋಗಬಹುದಾಗಿತ್ತು. ಹೋಗಲಿಲ್ಲ. ಎರಡು ದಿನ ಕಚೇರಿಗೆ ಹೋಗದೆ ಕೋಣೆಯಲ್ಲೇ ಉಳಿದು, ಮೂರನೆಯ ದಿನ ಆ ಪುಟದ ಅಂಚಿನಲ್ಲಿ 'ಮರುಪರಿಶೀಲಿಸಲಾಗಿದೆ' ಎಂದು ಬರೆದು ಸಹಿ ಹಾಕಿದೆ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಬರೆದ ಸುಳ್ಳು ಅದೊಂದೇ. ಆ ಒಂದನ್ನು ನೆನೆದರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಕುಲಕರ್ಣಿಯವರು ಸಹಿ ನೋಡಿ, "ಹೋಗಿಬಂದೇನು? ಬರೋಬ್ಬರಿ" ಎಂದು ಪುಟ ಮಗುಚಿದರು. ಅವರು ನನ್ನನ್ನು ನಂಬಿದರು.

೧೯೫೬ರ ನವೆಂಬರ್ ಒಂದರಂದು ರಾಜ್ಯ ಒಂದಾಯಿತು. ಗದಗಿನ ಬೀದಿಗಳಲ್ಲಿ ಪೇಢೆ ಹಂಚಿದರು. ನಾನೂ ತಿಂದೆ, ಕಣ್ಣಲ್ಲಿ ನೀರೂ ಬಂತು. ಮುಂಬಯಿಯಲ್ಲಿದ್ದ ನಮ್ಮ ಕಡತಗಳು ಪೆಟ್ಟಿಗೆಗಳಲ್ಲಿ ಬೆಂಗಳೂರಿನ ದಾರಿ ಹಿಡಿದವು. ಕುಲಕರ್ಣಿಯವರು ನಿವೃತ್ತರಾಗಿ ಪುಣೆಗೆ ಹೋದರು. ನಮ್ಮ ಪಟ್ಟಿ ಅದಕ್ಕೂ ಮೊದಲೇ ಮಂಜೂರಾಗಿತ್ತು. ನೀರಿನ ಎಂಟು ಊರುಗಳಲ್ಲಿ ಕೆಲಸ ನಡೆದಿತ್ತು, ಶಾಲೆಯ ಆರು ಊರುಗಳಲ್ಲಿ ಗೋಡೆಗಳು ಏಳುತ್ತಿದ್ದವು.

೧೯೫೮ರ ಫೆಬ್ರವರಿಯಲ್ಲಿ, ಮುಗಿದ ಕೆಲಸಗಳನ್ನು ನೋಡಿ ವರದಿ ಮಾಡಲು ನನ್ನನ್ನೇ ಕಳಿಸಿದರು. ಆ ಊರಿಗೆ ನಾನು ಎರಡನೆಯ ಸಲ ಹೋದದ್ದು ಆಗ. ಹೆಂಚು ಹೊದಿಸಿದ ಐದು ಕೋಣೆಯ ಶಾಲೆ, ಸುಣ್ಣದ ಗೋಡೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ನಾನು ಬರೆದ ಚಿತ್ರವೇ ಎದ್ದು ನಿಂತಂತೆ ಕಂಡು ಎದೆ ಉಬ್ಬಿತು. ಮಾಸ್ತರರ ಹೆಸರು ಬಡಿಗೇರ. ಹಾಜರಿ ಪುಸ್ತಕ ಕೇಳಿದೆ. ಹೆಣ್ಣುಮಕ್ಕಳ ಹೆಸರು ಹನ್ನೊಂದು, ಅಂದು ಬಂದವರು ಒಬ್ಬರೂ ಇಲ್ಲ. ಹಿಂದಿನ ಪುಟ ತಿರುವಿದೆ. ಅಲ್ಲಿಯೂ ಹೆಣ್ಣುಮಕ್ಕಳ ಸಾಲಿನಲ್ಲಿ ಗೈರುಹಾಜರಿಯೇ.

"ಹುಡುಗಿಯರೆಲ್ಲ ಎಲ್ಲಿ?"

"ನೀರಿಗೆ ಹೋಗ್ಯಾರ್ರಿ."

"ನೀರಿಗೆ ಇಷ್ಟು ಹೊತ್ತು ಏಕೆ? ನಿಮ್ಮೂರ ಬಾವಿಯಲ್ಲಿ ನೀರು ಹೆಚ್ಚಿವೆಯಲ್ಲ?"

"ಹೌದ್ರೀ ಸಾಹೇಬ್ರ, ಹೆಚ್ಚ್ಯಾವು. ಅದಕ್ಕ ಹಳ್ಳಕ್ಕ ಹೋಗ್ಯಾರ. ಹೋಗಿ ಬರಾಕ ನಾಕ ಮೈಲಿ ಆಗತೈತಿ."

ಮಾಸ್ತರರ ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ. ನಾನು ಪುಸ್ತಕ ಮುಚ್ಚಿ, "ಬಾವಿ ತೋರಿಸಿ" ಎಂದೆ. ಬೇವಿನ ಮರಗಳ ಆಚೆ ಹೋಗಿ ಬಗ್ಗಿ ನೋಡಿದೆ. ತಳದಲ್ಲಿ ಒಣ ಕೆಸರು ಬಿರಿದು ನಿಂತಿತ್ತು, ಅದರ ಮೇಲೆ ಒಂದಿಷ್ಟು ಬೇವಿನ ಎಲೆ. ಬಾವಿಯ ದಂಡೆಯ ಕಲ್ಲಿಗೆ ಮಾತ್ರ ಆ ದಿನ ಬೆಳಗ್ಗೆಯಷ್ಟೇ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು.

"ಐದಾರ ವರ್ಷಾತ್ರಿ. ಬಾವಿ ಅಂದ್ರ ಗಂಗವ್ವನ ಗುಡಿ ಇದ್ದಂಗ, ಎಲ್ಲೇ ನಿಂತ್ರೂ ನೀರು ಇಲ್ಲ ಅನಬಾರದ್ರಿ. ಕಡಿಮಿ ಆದ್ರ ಕಡಿಮಿ ಅನ್ನಬಹುದು, ಪೂರಾ ಬತ್ತಿದ್ರ ಬತ್ತಿದ್ವು ಅನಬಾರದು. ಹೆಚ್ಚಿದ್ವು ಅಂತೀವಿ" ಎಂದರು ಮಾಸ್ತರರು.

ನಮ್ಮ ಆಯಿಯ ಕೈಯ ಬಳೆ ಒಡೆದರೆ ಅವಳು ಎಂದೂ 'ಒಡೆಯಿತು' ಎಂದವಳಲ್ಲ. 'ಬಳೆ ಹೆಚ್ಚಿತು' ಎನ್ನುತ್ತಿದ್ದಳು. ಅಂಥ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಬಳೆ ಹೆಚ್ಚಬಹುದು ಎಂದು ಗೊತ್ತಿತ್ತು, ಬಾವಿಯೂ ಹೆಚ್ಚಬಹುದು ಎಂದು ಹೊಳೆಯಲಿಲ್ಲ. ನೀರು ಬತ್ತುವುದನ್ನೇ ಕಾಣದ ಊರಿನವನಿಗೆ ಅದಕ್ಕೊಂದು ಮರೆಮಾತು ಬೇಕಾಗುತ್ತದೆಂದು ಹೇಗೆ ಹೊಳೆದೀತು? ಅದು ತಿಳಿಯದೆ ಆದ ತಪ್ಪು. ಆದರೆ ಅಂಚಿನಲ್ಲಿ ಹಾಕಿದ ಸಹಿ ತಿಳಿದೇ ಹಾಕಿದ್ದು. ಅಂದು ನಾನು ಮರಳಿ ಹೋಗಿ ಒಮ್ಮೆ ಬಗ್ಗಿ ನೋಡಿದ್ದರೆ ಮುಗಿದುಹೋಗುತ್ತಿತ್ತು.

ನೀಲವ್ವನ ಮನೆ ಕೇಳಿಕೊಂಡು ಹೋದೆ. ಅವಳು ನನ್ನ ಗುರುತು ಹಿಡಿದಳು. "ಬರ್ರಿ ಸಾಹೇಬ್ರ, ಕುಂಡ್ರಿ" ಎಂದು ಕಂಬಳಿ ಹಾಸಿ, ಒಳಗೆ ಹೋಗಿ ಬೆಲ್ಲ, ನೀರು ತಂದಳು. ನಾನು ತಂಬಿಗೆ ಮುಟ್ಟಲಿಲ್ಲ. ಆ ನೀರು ಎಲ್ಲಿಂದ ಬಂದದ್ದೆಂದು ಈಗ ಗೊತ್ತಾಗಿತ್ತು. ಮೂರು ವರ್ಷದ ಹಿಂದೆ ಕೇಳಿ ಕೇಳಿ ಕುಡಿದ ಎರಡು ತಂಬಿಗೆಯೂ ಅಲ್ಲಿಂದಲೇ ಬಂದದ್ದು.

"ಕುಡೀರಿ. ನೀವು ಒಲ್ಲೆ ಅಂದ್ರ ನಾ ಹೊತ್ತ ತಂದದ್ದು ಯಾರಿಗೆ?" ಎಂದಳು. ಕುಡಿದೆ. ಬರಿದಾದ ತಂಬಿಗೆ ಕೆಳಗಿಟ್ಟೆ.

"ಶಾಂತವ್ವ ಎಲ್ಲಿ?"

"ಗಂಡನ ಮನ್ಯಾಗ್ರಿ. ಹ್ವಾದ ಬ್ಯಾಸಗ್ಯಾಗ ಲಗ್ನ ಮಾಡಿದ್ವಿ. ಮುಂಡರಗಿ ಕಡಿ ಕೊಟ್ಟೀವಿ. ಹೊಳಿ ಹತ್ರ ಐತಿ. ನೀರು ನೋಡೇ ಕೊಟ್ವಿ."

"ಹದಿಮೂರು ವರ್ಷಕ್ಕೇ?"

"ನೀವು ಬಂದು ಹ್ವಾದ ಮುಂದಿನ ವರ್ಷನ ಸಾಲಿ ಬಿಡಿಸಿದ್ವಿ. ನಾ ಒಬ್ಬಾಕಿ ಎಷ್ಟಂತ ಹೊರ್ಲಿ? ದಿನಾ ಎರಡ ಸಲ ಹಳ್ಳಕ್ಕ ಹೋಗಾಕಿ. ನೀರು ಬರತಾವ, ನೀರು ಬಂದ್ರ ಮತ್ತ ಸಾಲಿಗೆ ಹಾಕೋಣು ಅಂತ ದಾರಿ ನೋಡಿದ್ವಿ. ಬಾಜೂ ಊರಿಗೆ ನೀರಿನ ಟಾಕಿ ಬಂತು, ನಮಗ ಸಾಲಿ ಬಂತು." ಅವಳು ಹೊಸ ಶಾಲೆಯ ಕಡೆ ನೋಡಿದಳು. "ಚೊಲೋ ಸಾಲಿ. ಅಕಿ ಇದ್ದಿದ್ರ ಈಗ ಆರನೇತ್ತೆ."

ನನಗೆ ಸುಮ್ಮನಿರಲಾಗಲಿಲ್ಲ. "ತಪ್ಪು ನನ್ನದು, ನೀಲವ್ವ. ನೀರು ಹೆಚ್ಚಿವೆ ಎಂದು ನೀವು ಹೇಳಿದ್ದನ್ನು ನಾನು ಬಹಳ ನೀರು ಬಂದಿದೆ ಎಂದು ತಿಳಿದು ಬರೆದೆ. ಅದಕ್ಕೇ ನಿಮ್ಮೂರಿಗೆ ನೀರು ಬರಲಿಲ್ಲ" ಎಂದೆ.

ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಖಾಲಿ ತಂಬಿಗೆ ಎತ್ತಿಕೊಂಡು, "ತಿಳೀಲಿಲ್ಲಂದ್ರ ಇನ್ನೊಮ್ಮೆ ಬಂದು ಕೇಳಬೇಕಿತ್ರಿ. ನಾ ಇಲ್ಲೇ ಇದ್ನೆಲ್ಲ" ಎಂದಳು.

ಗದಗಿಗೆ ಬಂದವನೇ ಮೇಲಧಿಕಾರಿಗಳಿಗೆ ಎಲ್ಲವನ್ನೂ ಬರೆದೆ, ಸುಳ್ಳು ಸಹಿಯನ್ನೂ ಸೇರಿಸಿ. ನನಗೆ ಒಂದು ಎಚ್ಚರಿಕೆ ಪತ್ರ ಬಂತು, ಎರಡು ವರ್ಷ ಬಡ್ತಿ ತಡೆದರು. ಅದು ನನಗೆ ಸಲ್ಲಬೇಕಾದದ್ದೇ. ಆದರೆ ಪಟ್ಟಿಯನ್ನು ತಿದ್ದಲಾಗಲಿಲ್ಲ. ಮುಂಬಯಿಯವರು ಕಾಗದವೆಲ್ಲ ಬೆಂಗಳೂರಿಗೆ ಕೊಟ್ಟಾಗಿದೆ ಎಂದರು, ಬೆಂಗಳೂರಿನವರು ಹಿಂದಿನ ಸರ್ಕಾರ ಮಂಜೂರು ಮಾಡಿದ್ದನ್ನು ಮುಂದಿನ ಯೋಜನೆಯವರೆಗೆ ಬದಲಿಸುವಂತಿಲ್ಲ ಎಂದರು. ಐವರು ತಿಳಿದವರು ಬರೆದ ಒಂದಾದ ರಾಜ್ಯ ಬಂದಿತ್ತು. ಆ ರಾಜ್ಯದ ಮೇಜಿನ ಮೇಲೆ ನನ್ನ ತಪ್ಪೂ ಭದ್ರವಾಗಿ ಬಂದು ಕುಳಿತಿತ್ತು. ಆ ಊರಿಗೆ ಕುಡಿಯುವ ನೀರು ಬಂದದ್ದು ೧೯೬೩ರಲ್ಲಿ.

ಪುಣೆಯಲ್ಲಿದ್ದ ಕುಲಕರ್ಣಿಯವರಿಗೂ ಪತ್ರ ಬರೆದೆ. ಅವರ ಉತ್ತರ ಒಂದು ಕಾರ್ಡಿನಷ್ಟು. "ಬಳೆ ಒಡೆದರೆ ನಮ್ಮ ಮರಾಠಿ ಮನೆಗಳಲ್ಲೂ 'ವಾಢಲೀ', ಅಂದರೆ ಹೆಚ್ಚಿತು ಅಂತಲೇ ಅನ್ನುತ್ತೇವೆ. ಆ ಹೆಂಗಸು ಆಡಿದ ಮಾತನ್ನು ಆಕೆ ಆಡಿದಂತೆಯೇ ನೀನು ಬರೆದು ತಂದಿದ್ದರೆ ನನಗೆ ತಿಳಿಯುತ್ತಿತ್ತು. ನೀನು ಬರೀ ಗುರುತು ತಂದೆ" ಎಂದು ಬರೆದಿದ್ದರು. ಸಹಿಯ ವಿಷಯವಾಗಿ ಒಂದು ಮಾತೂ ಬರೆದಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಆಮೇಲಿನ ನೌಕರಿಯಲ್ಲಿ ನಾನು ಎರಡು ಕ್ರಮಗಳನ್ನು ಬಿಡದೆ ಪಾಲಿಸಿದೆ. ಯಾರ ಉತ್ತರವನ್ನೂ ಬರೀ ಗುರುತಿನಲ್ಲಿ ತರಲಿಲ್ಲ, ಅವರ ಮಾತನ್ನು ಅವರ ಬಾಯಿಯಲ್ಲಿ ಬಂದಂತೆಯೇ ಬರೆದೆ. ಬರೆದದ್ದನ್ನು ಏಳುವ ಮೊದಲು ಅವರಿಗೇ ಓದಿ ಹೇಳಿ, "ನೀವು ಹೇಳಿದ್ದು ಇದೇ ಏನು?" ಎಂದು ಕೇಳಿದೆ. ನನ್ನ ಕೈಕೆಳಗಿನವರಿಗೂ ಅದನ್ನೇ ಕಲಿಸಿದೆ. ಇಪ್ಪತ್ತೈದು ವರ್ಷದ ಆಚೆಯದನ್ನು ಎಣಿಸಲು ಈಗ ಎಷ್ಟೋ ಜಾಣ ಲೆಕ್ಕಗಳಿವೆ, ಯಂತ್ರಗಳಿವೆ ಎಂದು ಕೇಳುತ್ತೇನೆ. ಅವೆಲ್ಲವೂ ಇಂದು ಯಾರೋ ಒಬ್ಬರು ಬಾಯಿಬಿಟ್ಟು ಹೇಳಿದ ಮಾತಿನಿಂದಲೇ ಸುರುವಾಗುತ್ತವೆ. ಆ ಮಾತನ್ನು ತಪ್ಪಾಗಿ ಕೇಳಿಸಿಕೊಂಡರೆ ಮುಂದಿನ ಲೆಕ್ಕ ಎಷ್ಟು ಸರಿಯಿದ್ದರೂ ಅಷ್ಟೇ ತಪ್ಪು. ವೃತ್ತಿ ನನಗೆ ಕಲಿಸಿದ ಪಾಠ ಇದು. ಕಲಿಯುವಾಗ ಬೆಲೆ ತೆತ್ತವರು ಬೇರೆಯವರು.

ಶಾಂತವ್ವನನ್ನು ನಾನು ಮತ್ತೆ ನೋಡಲಿಲ್ಲ. ನೋಡಲು ಹೋಗುವ ಧೈರ್ಯವೂ ಆಗಲಿಲ್ಲ. ನಮ್ಮ ವರದಿಯಲ್ಲಿ ಅವಳ ಊರಿಗೆ ಮೂರು ಭವಿಷ್ಯಗಳಿದ್ದವು. ತೀರ ಕೆಟ್ಟದ್ದೆಂದು ನಾವು ಊಹಿಸಿದ ಕೆಂಪು ಚಿತ್ರದಲ್ಲಿಯೂ ಆ ಊರಿನ ಹುಡುಗಿಯರು ನಾಲ್ಕನೆಯ ಇಯತ್ತೆ ಮುಗಿಸುತ್ತಿದ್ದರು. ಶಾಂತವ್ವ ಮೂರರಲ್ಲೇ ನಿಂತಳು.